ಹದಿನಾಲ್ಕು ದಿನ ಆರಾಮ

ನಮ್ಮ ಕಡೆ ಬಹಳ ಮನೆಗಳಲ್ಲಿ ಫೋನು ಹೆಂಗಸಿನದಲ್ಲ, ಮನೆಯದು. ಇಂಡಿಗೆ ಹೋಗಿ, ಸಿಂದಗಿಗೆ ಹೋಗಿ, ಯಾವ ಓಣಿಯಲ್ಲಾದರೂ ನಿಂತು "ತಂಗಿ, ನಿನ್ನ ನಂಬರ್ ಹೇಳವಾ" ಅನ್ನಿ. ಆಕೆ ಹೇಳಿದ ನಂಬರಿಗೆ ಹಚ್ಚಿದರೆ "ಹಲೋ, ಯಾರ್ರೀ?" ಎನ್ನುವ ದನಿ ಗಂಡಸಿನದು. ಇದು ನಿಮಗೆ ಗೊತ್ತಿರುವ ಮಾತು. ಗೊತ್ತಿದ್ದೂ "ಈಗ ಎಲ್ಲಾರ ಕೈಯಾಗೂ ಮೊಬೈಲ್ ಐತಿ ಬಿಡ್ರಿ" ಎಂದು ಸಭೆಯಲ್ಲಿ ಭಾಷಣ ಬಿಗಿಯುತ್ತೀರಿ. ಎಲ್ಲರ ಕೈ ಅಂದರೆ ಯಾರ ಕೈ ಎಂದು ಯಾರೂ ಎದ್ದು ಕೇಳುವುದಿಲ್ಲ.

ಇಂಗಳೇಶ್ವರದ ಜಯಮಾಲಾ ಸರಕಾರಿ ಸಾಲಿಯಲ್ಲಿ ಹನ್ನೊಂದು ವರ್ಷ ಬಿಸಿಯೂಟ ಬೇಯಿಸಿದವಳು. ವಯಸ್ಸು ಮೂವತ್ತಾರು, ಓದಿದ್ದು ಏಳನೆಯ ತರಗತಿ. ಆಕೆಯ ಮೇಲೆ ಮುಖ್ಯ ಅಡುಗೆಯವಳು ಗುಂಡವ್ವ, ಓಣಿಯಲ್ಲಿ ಮೂರು ಮನೆ ಆಚೆಯವಳು. ಉಪ್ಪು ಗುಂಡವ್ವನೇ ಹಾಕಬೇಕು, ರುಚಿ ಜಯಮಾಲಾಳೇ ನೋಡಬೇಕು. ಸಾರು ಕುದಿದ ಮೇಲೆ ದೊಡ್ಡ ಬೋಗಾಣಿಯನ್ನು ಇಬ್ಬರೂ ಎರಡು ಕಡೆ ಅರಿವೆ ಹಿಡಿದು ಒಲೆಯಿಂದ ಎತ್ತಿ ಪಡಸಾಲೆಗೆ ಒಯ್ಯಬೇಕು. ಎತ್ತುವಾಗ ಗುಂಡವ್ವ "ಹೂಂ" ಅನ್ನುವಳು. ಇಳಿಸುವಾಗ ಜಯಮಾಲಾ "ಹಾಂ" ಅನ್ನುವಳು. ಹನ್ನೊಂದು ವರ್ಷ ಒಬ್ಬರ ಮುಖ ಒಬ್ಬರು ನೋಡದೆ, ಈ ಎರಡು ದನಿಯ ಮೇಲೆ ಎರಡುನೂರಾ ನಲವತ್ತು ಮಕ್ಕಳ ಸಾರು ಪಡಸಾಲೆ ಮುಟ್ಟಿದೆ.

ಕಳೆದ ದೀಪಾವಳಿ ರಜೆ ಮುಗಿದ ವಾರ, "ಹಾಂ" ಅನ್ನುವ ಮೊದಲೇ ಬೋಗಾಣಿ ನೆಲಕ್ಕೆ ಬಿತ್ತು.

ಗುಂಡವ್ವನ ಬಲಗಾಲು ಮೊಣಕಾಲಿನಿಂದ ಕೆಳಗೆ ಬೆಂದುಹೋಯಿತು. ವಿಜಯಪುರದ ದವಾಖಾನೆಯಲ್ಲಿ ಮೂರು ವಾರ ಮಲಗಿ ಬಂದಳು. ಈಗ ಕೋಲು ಹಿಡಿದು ನಡೆಯುತ್ತಾಳೆ. ಬೋಗಾಣಿ ಜಾರಿತು ಎಂದು ಹೆಡ್‌ಮಾಸ್ತರು ಬರೆದರು, ಊರು ಅಂದಿತು, ಸ್ವತಃ ಗುಂಡವ್ವನೂ ಅಂದಳು. ಅದು ಹೇಗೆ ಬಿತ್ತು ಅನ್ನುವುದು ಜಯಮಾಲಾಳ ಮಾತು. ಅದನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಅದನ್ನು ಎಲ್ಲಿ ಹೇಳಬೇಕು ಎಂದು ಆಕೆ ಒಂದು ಜಾಗ ಆರಿಸಿಕೊಂಡಿದ್ದಳು. ಆ ಜಾಗವನ್ನು ನಾವೆಲ್ಲ ಸೇರಿ ಹೇಗೆ ಕಸಿದೆವು ಎಂಬುದಷ್ಟೇ ಇಲ್ಲಿಯ ಕಥೆ.

ಆ ಬಳಿಕ ಮೊದಲು ಆಕೆಗೆ ಆಗದಂತಾದದ್ದು ಕುಕ್ಕರಿನ ಸೀಟಿ; ಬೋಗಾಣಿ ಬಿದ್ದಾಗ ಸಾಲಿಯ ಒಲೆಯ ಮೇಲೂ ಒಂದು ಕೂಗುತ್ತಿತ್ತಂತೆ. ಮನೆಯಲ್ಲಿ ಬೇಳೆ ಇಟ್ಟಾಗ ಒಂದು ಸೀಟಿ ಕೂಗಿದರೆ ಸಾಕು, ಜಯಮಾಲಾಳ ಕೈಯೊಳಗಿನ ಉಳ್ಳಾಗಡ್ಡಿ ಕೆಳಗೆ ಬೀಳುತ್ತಿತ್ತು. ಬೆರಳು ಮರಗಟ್ಟಿ, ಉಸಿರು ಎದೆಯಲ್ಲೇ ನಿಂತು, ಹಿತ್ತಲಿಗೆ ಓಡಿ ಗೋಡೆ ಹಿಡಿದು ಕೂಡುವಳು. ಆಮೇಲೆ ಪಕ್ಕದ ಮನೆಯ ಸೀಟಿಗೂ ಹಾಗೇ. ಸಾಲಿಯ ಅಡುಗೆಮನೆಗೆ ಹೋಗುವುದು ನಿಂತಿತು. ಗಾಳಿ ಸೋಂಕಿದೆ ಎಂದು ತಾಯಿತ ಕಟ್ಟಿಸಿದರು. ಅತ್ತೆ ಸಿದ್ದಲಿಂಗವ್ವ ಕುಕ್ಕರನ್ನು ಅಟ್ಟಕ್ಕೆ ಹಾಕಿ ಮಡಕೆಯಲ್ಲಿ ಬೇಳೆ ಬೇಯಿಸತೊಡಗಿದಳು. ಬೇಯುವ ತನಕ ಬೈಯುವಳು. ಕೊನೆಗೆ ಊರಿನ ಆಶಾ ಕಾರ್ಯಕರ್ತೆ "ಬಾಗೇವಾಡ್ಯಾಗ ಪಲ್ಲವಿ ಮೇಡಮ್ ಕುಂದರತಾರ, ಮನಸಿನ ಮಾತು ಕೇಳಾಕಂತನ" ಎಂದು ಚೀಟಿ ಬರೆದುಕೊಟ್ಟಳು.

ಪಲ್ಲವಿ ದೇವರ ಹಿಪ್ಪರಗಿಯ ಹುಡುಗಿ. ಆಪ್ತ ಸಮಾಲೋಚನೆ ಓದಿಕೊಂಡವಳು. ಒಂದು ಸಂಸ್ಥೆಯ ಕೆಲಸ. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಬುಧವಾರ ಮುದ್ದೇಬಿಹಾಳ, ಗುರುವಾರ ಬಸವನ ಬಾಗೇವಾಡಿ. ನಾಲ್ಕು ತಾಲೂಕಿನ ದುಃಖಕ್ಕೆ ಒಬ್ಬ ಹೆಣ್ಣುಮಗಳು ಮತ್ತು ಕೆಂಪು ಬಸ್ಸು. ಒಬ್ಬರಿಗೆ ಹದಿನೈದು ದಿನಕ್ಕೊಮ್ಮೆ ಅರ್ಧ ತಾಸು ಸಿಕ್ಕರೆ ಪುಣ್ಯ. ಬಾಗೇವಾಡಿಯಲ್ಲಿ ಆಕೆಗೆ ಕೊಟ್ಟ ಕೋಣೆ ಬಸ್‌ಸ್ಟ್ಯಾಂಡಿನ ಹತ್ತಿರ, ಫೋಟೋ ಸ್ಟುಡಿಯೋ ಹಿಂದೆ. ಎರಡು ಕುರ್ಚಿ, ಒಂದು ಸ್ಟೂಲು, ಒಂದು ಟೇಬಲ್ಲು, ಕಿರುಗುಟ್ಟುವ ಫ್ಯಾನು. ಮತ್ತೆ, ಮುಚ್ಚಿಕೊಳ್ಳುವ ಬಾಗಿಲು.

ಎರಡು ಭೇಟಿಗಳ ನಡುವಿನ ದಿನಗಳಿಗೆ ಸಂಸ್ಥೆ ಒಂದು ಆಪ್ ಮಾಡಿಸಿದೆ. ಉಸಿರಾಟದ ಪಾಠ ಅದರಲ್ಲಿದೆ. ಹೆದರಿಸುವ ಸದ್ದನ್ನು ಮೆಲ್ಲಗೆ, ಸ್ವಲ್ಪಸ್ವಲ್ಪವೇ ಕೇಳಿಸಿಕೊಂಡು ರೂಢಿಯಾಗುವ ಪಾಠ ಇದೆ. ದಿನಾ ಸಂಜೆ ಏಳೂವರೆಗೆ ಮನಸ್ಸು ಹೇಗಿದೆ ಎಂದು ಅದು ಕೇಳುತ್ತದೆ. ಆ ಉತ್ತರಗಳನ್ನು ಪಲ್ಲವಿ ಬಸ್ಸಿನಲ್ಲಿ ನೋಡಿಕೊಂಡು ಬರುತ್ತಾಳೆ; ಎದುರು ಕೂತ ಅರ್ಧ ತಾಸು "ಏನಾಯ್ತು, ಯಾವಾಗ ಆಯ್ತು" ಅನ್ನುವುದರಲ್ಲೇ ಮುಗಿಯುವುದಿಲ್ಲ. ಇದರಲ್ಲಿ ತಪ್ಪು ಹುಡುಕುವವನು ನಾನಲ್ಲ. ಮುದ್ದೇಬಿಹಾಳದ ಅಬಿದಾ ಎಂಬ ಹೊಲಿಗೆಯವಳು ಇದೇ ಆಪು, ಇದೇ ಪಲ್ಲವಿ, ಎರಡನ್ನೂ ಹಿಡಿದುಕೊಂಡು ನಾಲ್ಕು ತಿಂಗಳಲ್ಲಿ ಮನೆಯ ಹೊಸ್ತಿಲು ದಾಟಿದಳು. ವರ್ಷವಿಡೀ ದಾಟದ ಹೊಸ್ತಿಲದು. ಆದರೆ ಅಬಿದಾಳ ಫೋನು ಅಬಿದಾಳದು. ಹೊಲಿಗೆ ಮಷೀನಿನ ಖಾನೆಯಲ್ಲಿ ಇರುತ್ತದೆ, ಕೀಲಿ ಆಕೆಯ ಸೆರಗಿನಲ್ಲಿ.

ಜಯಮಾಲಾಳ ಆಪು ಹೋಗಿ ಕೂತದ್ದು ಗಂಡ ಸಿದ್ದಾರೂಢನ ಫೋನಿನಲ್ಲಿ.

ಸಿದ್ದಾರೂಢ ಇಂಗಳೇಶ್ವರ-ಬಾಗೇವಾಡಿ ನಡುವೆ ಟಂಟಂ ಆಟೋ ಓಡಿಸುತ್ತಾನೆ. ಹೊಡೆಯುವವನಲ್ಲ, ಕುಡಿಯುವವನಲ್ಲ, ಹೆಂಡತಿಯನ್ನು ಪ್ರತಿ ಸಲ ತಾನೇ ಕರೆತಂದು ತಾನೇ ಒಯ್ಯುವವನು. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಓದುವ ನೀವು ಇಷ್ಟರಲ್ಲೇ ಒಬ್ಬ ದುಷ್ಟನನ್ನು ಹುಡುಕತೊಡಗಿರುತ್ತೀರಿ. ಸಿಗುವುದಿಲ್ಲ. ಟಂಟಂ ಸದ್ದಿನಲ್ಲಿ ಕೇಳಲೆಂದು ಅವನ ಫೋನಿನ ದನಿ ಯಾವಾಗಲೂ ತುಂಬಾ ಏರಿಸಿದ್ದು. ಮನೆಗೆ ಬಂದ ಮೇಲೂ ಇಳಿಸುವ ರೂಢಿ ಇಲ್ಲ.

ಮೊದಲ ಭೇಟಿಯಲ್ಲಿ ಜಯಮಾಲಾ ನೆಲ ನೋಡುತ್ತ ಕೂತು ಎದ್ದು ಬಂದಳು. ಎರಡನೆಯ ಭೇಟಿಯಲ್ಲಿ ಪಲ್ಲವಿ ಟೇಬಲ್ಲಿನ ಮೇಲೆ ಒಂದು ಸಣ್ಣ ಖಾಲಿ ಬೋಗಾಣಿ ಇಟ್ಟಳು.

"ಇದರ ಮ್ಯಾಲೆ ಸುಮ್ನ ಒಂದ್ ಕೈ ಇಡ್ರಿ ಅಕ್ಕಾರ. ತಣ್ಣಗೈತಿ, ನೋಡ್ರಿ, ನಾನೂ ಇಟ್ಟೇನಿ."

ಜಯಮಾಲಾ ಇಟ್ಟಳು. ಇಟ್ಟ ಕೈ ತೆಗೆಯಲಿಲ್ಲ. ಅರ್ಧ ತಾಸು ಮುಗಿದು ಬಾಗಿಲತನಕ ಬಂದವಳು ತಿರುಗಿ ನಿಂತಳು.

"ಮೇಡಮ್ಮಾರ, ಒಂದು ಮಾತೈತ್ರಿ. ಮುಂದಿನ ಸಲ ಹೇಳ್ತೇನ್ರಿ."

"ಈಗ ಹೇಳ್ರಲ್ಲ ಅಕ್ಕಾರ."

"ಈಗ ಬ್ಯಾಡ್ರಿ. ಹೊರಗ ಹಾರ್ನ್ ಬಡ್ಯಾಕತ್ತಾರ."

ಆ ಮಾತು ಹೇಳಲು ಹದಿನಾಲ್ಕು ದಿನ. ಆಕೆ ದಿನ ಎಣಿಸಿದಳು.

ಆ ದಿನಗಳಲ್ಲಿ ಆದದ್ದು ಇದು. ಸಂಜೆ ಏಳೂವರೆ. ಟಿವಿ ಹಚ್ಚಿದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದಾಳೆ. ಫೋನು ಇಡೀ ಓಣಿಗೆ ಕೇಳುವಂತೆ ಕೂಗುತ್ತದೆ: "ನಮಸ್ಕಾರ. ಇಂದು ನಿಮ್ಮ ಮನಸ್ಸು ಹೇಗಿದೆ?" ಪರದೆಯ ಮೇಲೆ ಮೂರು ಮುಖ. ಹಸಿರು, ಹಳದಿ, ಕೆಂಪು. ಆರಾಮ, ಅಷ್ಟಕ್ಕಷ್ಟೆ, ಕಷ್ಟ.

"ಯಾರಾಕಿ ಇಕಿ, ದಿನಾ ಹೊತ್ತು ಮುಳುಗಿದ ಕೂಡ್ಲೆ ಬಂದು ಕೇಳಾಕಿ?" ಅತ್ತೆ ಅಂದಳು. "ಬೀಗರು ಸೈತ ಇಷ್ಟು ವಿಚಾರ ಮಾಡಂಗಿಲ್ಲ. ಆರಾಮ ಅದಾಳ ಅಂತ ಹೇಳೋ ಅಕಿಗೆ, ಊಟಕ್ಕ ಕುಂದ್ರೂಣು."

"ಆರಾಮ ಅದಿಯಲ್ಲೇ ಜಯಾ?" ಸಿದ್ದಾರೂಢ ಕೇಳಿದ, ಬೆರಳು ಹಸಿರಿನ ಮೇಲಿಟ್ಟುಕೊಂಡು.

"ಹೂಂ, ಆರಾಮ" ಅಂದಳು ಜಯಮಾಲಾ.

ಸುಳ್ಳು ಹೇಳಿದಳೇ? ನಮ್ಮ ಸೀಮೆಯವರು ಎದೆ ಮುಟ್ಟಿಕೊಂಡು ಹೇಳಿ. ಹಿಟ್ಟಿನ ಗಿರಣಿಯಲ್ಲಿ, ಬಸ್ಸಿನ ಬಾಗಿಲಲ್ಲಿ, ಸತ್ತವರ ಮನೆಗೆ ಮಾತಾಡಿಸಲು ಹೋದಾಗ ಕೂಡ ನಾವು "ಆರಾಮ?" ಅನ್ನುತ್ತೇವೆ, ಎದುರಿನವರು "ಆರಾಮ" ಅನ್ನುತ್ತಾರೆ. ಅದು ನಡಾವಳಿ. ಬಾಗಿಲು ತೆರೆಯುವ ಮೊದಲು ಚಪ್ಪಲಿ ಬಿಡುವ ಹಾಗೆ. ಕೋಲೂರಿಕೊಂಡು ಎದುರು ಬಂದ ಗುಂಡವ್ವ "ಆರಾಮ ಅದಿಯೇನವಾ ಜಯಾ?" ಅಂದಾಗಲೂ ಜಯಮಾಲಾ "ಆರಾಮ ಅದೇನ್ರಿ ಅಕ್ಕಾರ" ಅಂದೇ ತಲೆ ತಗ್ಗಿಸಿ ಸರಿಯುತ್ತಾಳೆ. ನಮ್ಮಲ್ಲಿ ನಿಜ ಹೊರಗೆ ಬರುವುದು ಎರಡನೆಯ ಸಲ ಕೇಳಿದಾಗ. ಕೇಳಿದವರು ಎದ್ದು ಹೋಗದೆ, ಹತ್ತಿರ ಸರಿದು, ಮೊಣಕಾಲ ಮೇಲೆ ಕೈ ಇಟ್ಟು "ಖರೇನ ಹೇಳ ನೋಡೂಣು" ಅಂದರೆ ಆಗ ಬಾಯಿ ಬಿಡುತ್ತೇವೆ. ಆಪು ಎರಡನೆಯ ಸಲ ಕೇಳುವುದಿಲ್ಲ. ಅದನ್ನು ಮಾಡಿಸಿದ ದೊಡ್ಡವರಿಗೆ ನಮ್ಮ ನಡಾವಳಿ ಹೇಳಿಕೊಟ್ಟವರೂ ಇಲ್ಲ, ಕೇಳಿಕೊಂಡವರೂ ಇಲ್ಲ.

ನಾಲ್ಕನೆಯ ದಿನದಿಂದ ಸಿದ್ದಾರೂಢ ಹೆಂಡತಿಯನ್ನು ಕೇಳುವುದನ್ನೂ ಬಿಟ್ಟ. ಬಾಗೇವಾಡಿ ಸ್ಟ್ಯಾಂಡಿನಲ್ಲಿ ಕೊನೆಯ ಸವಾರಿಗೆ ಕಾಯುತ್ತ ತಾನೇ ಒತ್ತತೊಡಗಿದ. ಒಂದು ಸಂಜೆ ನಾನು ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ. ಇನ್ನೊಂದು ಟಂಟಂನ ಸೋಮನಿಂಗ ಇಣುಕಿ ಕೇಳಿದ:

"ಏನೋ ಅದು, ದಿನಾ ತಪ್ಪದ ಒತ್ತತಿ? ಲಾಟ್ರಿ ಹಚ್ಚಿಯೇನು?"

"ಹಾಜರಿಲೇ."

"ಯಾರ್ದು?"

"ನಮ್ಮಾಕಿ ಮನಸಿಂದು."

"ಹೋ! ಮನಸಿಗೂ ಹಾಜರಿ ಬಂತನು?"

"ಯಾವುದಕ್ಕ ಬಂದಿಲ್ಲ ಹೇಳು. ಹೆಬ್ಬೆಟ್ಟು ಕೊಡಲಿಲ್ಲ ಅಂದ್ರ ರೇಶನ್ ಕಟ್. ನಮ್ಮವ್ವ ಬದುಕೇನಿ ಅಂತ ತೋರಸಲಿಲ್ಲ ಅಂದ್ರ ಪಿಂಚಣಿ ಪಗಾರ ಕಟ್. ಇದನ್ನೂ ಒಂದಿನ ತಪ್ಪಸಿದೆವಂದ್ರ ಇಕಿ ಹೆಸರು ಹೊಡದ ಒಗಿತಾರ. ಮತ್ತ ಮೇಡಮ್ಮಾರು ಸಿಗತಾರೇನು?"

ಸೋಮನಿಂಗ ನಕ್ಕ. ನಾನೂ ನಕ್ಕೆ. ನಕ್ಕದ್ದಕ್ಕೆ ಈಗ ನಾಚುತ್ತೇನೆ. ಅವನು ಹೆಂಡತಿಯ ಹೆಸರು ಉಳಿಯಲೆಂದು ಒತ್ತುತ್ತಿದ್ದ. ರೇಶನ್ನಿಗೆ, ಪಿಂಚಣಿಗೆ, ಕೂಲಿಗೆ ಎಲ್ಲದಕ್ಕೂ "ಇದ್ದೇನಿ, ಇದ್ದೇನಿ" ಎಂದು ಬೆರಳು ಒತ್ತಿಸಿ ಒತ್ತಿಸಿ ಈ ಜನಕ್ಕೆ ನಾವು ಕಲಿಸಿದ ಪಾಠವೇ ಅದು. ಪರದೆ ಕಂಡರೆ ಒತ್ತು. ಒತ್ತದಿದ್ದರೆ ಹೋದೆ.

ಆಪಿನಲ್ಲಿ ಸೀಟಿಯ ಪಾಠವೂ ಇತ್ತಲ್ಲ. ಜಯಮಾಲಾ ಒಬ್ಬಳೇ ಕೂತು, ದನಿ ಇಳಿಸಿಕೊಂಡು, ತನಗೆ ಬೇಕಾದಾಗ ನಿಲ್ಲಿಸುತ್ತ ಕೇಳಬೇಕಾದದ್ದು. ಔಷಧ ಅಲ್ಲವೇ, ಹೇಗೆ ಕೊಟ್ಟರೂ ಹತ್ತುತ್ತದೆ ಎಂದುಕೊಂಡ ಸಿದ್ದಾರೂಢ ಒಂದು ಮುಂಜಾನೆ ಆಕೆ ರೊಟ್ಟಿ ಬಡಿಯುವಾಗ ಹಿಂದಿನಿಂದ ಬಂದು ಹಚ್ಚಿದ. ಪೂರಾ ದನಿಯಲ್ಲಿ. ರೊಟ್ಟಿ ಹಂಚಿನ ಆಚೆ ಬಿತ್ತು, ಹಂಚಿನ ಅಂಚು ತಾಗಿ ಎರಡು ಬೆರಳು ಸುಟ್ಟವು. "ಕುಕ್ಕರಿಲ್ಲದ ಮನ್ಯಾಗ ಕುಕ್ಕರ್ ಸೀಟಿ!" ಎಂದು ಅತ್ತೆ ಹಣೆ ಬಡಿದುಕೊಂಡಳು. ಅಂದಿನ ಸಂಜೆಯೂ ಹಸಿರು ಮುಖ ಬಿತ್ತು.

ಹದಿನಾಲ್ಕನೆಯ ದಿನ, ಗುರುವಾರ, ಜಯಮಾಲಾ ತಲೆಸ್ನಾನ ಮಾಡಿ ಟಂಟಂ ಹತ್ತಿದಳು. ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತಂತೆ. ಹೇಳಬೇಕಾದ ಮಾತನ್ನು ಬಾಯಲ್ಲಿ ಕೂಡಿಸಿಕೊಳ್ಳುತ್ತಿದ್ದಳು. ನಾಲ್ಕು ಗಂಟೆಗೆ ಕೋಣೆಯ ಬಾಗಿಲು ತಳ್ಳಿದರೆ ಆಕೆಯ ಕುರ್ಚಿಯಲ್ಲಿ ಮನಗೂಳಿಯ ಶೇವಂತೆವ್ವ ಎಂಬ ಮುದುಕಿ ಕೂತಿದ್ದಳು.

ಪಲ್ಲವಿ ಎದ್ದು ಬಂದಳು. "ಅಕ್ಕಾರ, ನಿಮ್ಮನ್ನ ಮ್ಯಾಲಿನವರು ಫೋನ್ ಸಾಕು, ಭೇಟಿ ಬ್ಯಾಡ ಅನ್ನೋ ಪಟ್ಟಿಗೆ ಹಾಕ್ಯಾರ. ಸಾಲಾಗಿ ಹದಿನಾಲ್ಕು ಹಸಿರು ಬಿದ್ರ ಹೆಸರು ತಾನ ಅಲ್ಲಿಗೆ ಹೋಗ್ತೈತ್ರಿ. ನಾನೂ ಖುಷಿ ಆಗಿದ್ದೆ. ಆರಾಮ ಆಗೇರಿ ಅಂತ…" ಆಕೆಯ ಕಣ್ಣು ಜಯಮಾಲಾಳ ಸುಟ್ಟ ಬೆರಳಿನ ಮೇಲೆ ಬಿದ್ದಿತ್ತು.

"ಒಂದ್ ದಿನಾನೂ ತಪ್ಪಸಿಲ್ರಿ ನಾ!" ಹಿಂದಿನಿಂದ ಸಿದ್ದಾರೂಢ ಹೆಮ್ಮೆಯಿಂದ ಅಂದ.

ತಿರುಗಿ ಭೇಟಿಯ ಪಟ್ಟಿಗೆ ಬರಬೇಕಾದರೆ ಮೂರು ದಿನ ಸಾಲಾಗಿ ಕೆಂಪು ಬೀಳಬೇಕು. ನಿಯಮ. ಇದನ್ನು ಪಲ್ಲವಿ ಹೇಳುವಾಗ ಆಕೆಯ ದನಿಯೇ ಆಕೆಗೆ ಹಿಡಿಸಿರಲಿಕ್ಕಿಲ್ಲ. ಯೋಚಿಸಿ ನೋಡಿ. ಮನೆಯಲ್ಲಿ ಹೇಳಲಾಗದೆ ಕೋಣೆಗೆ ಬಂದವಳು. ಕೋಣೆಗೆ ಬರಲು ಮೊದಲು ಮನೆಯಲ್ಲೇ, ಎಲ್ಲರೆದುರು, ಗಟ್ಟಿಯಾಗಿ "ನನಗೆ ಕಷ್ಟ" ಅನ್ನಬೇಕು. ಇಲಿ ಬೋನಿನಿಂದ ಹೊರಗೆ ಬರುವ ದಾರಿ ಬೆಕ್ಕಿನ ಬಾಯಲ್ಲಿ ಇಟ್ಟ ಹಾಗೆ.

ಆ ಸಂಜೆ ಸಿದ್ದಾರೂಢ ಸ್ಟ್ಯಾಂಡಿಗೆ ತಿರುಗಿ ಹೋಗಿರಲಿಲ್ಲ; ಏಳೂವರೆಗೆ ಫೋನು ಮನೆಯಲ್ಲೇ ಕೂಗಿತು. ಗಂಡನ ಕೈ ಮುಂದಾಗುವ ಮೊದಲು ಜಯಮಾಲಾ ಬಗ್ಗಿ ಕೆಂಪು ಮುಖ ಒತ್ತಿದಳು.

"ನೀವು ಕಷ್ಟ ಎಂದು ಹೇಳಿದ್ದೀರಿ," ಫೋನು ಓಣಿಗೆಲ್ಲ ಸಾರಿತು. "ಏನಾಯಿತು? ಒಂದು ನಿಮಿಷ ಮಾತನಾಡಿ."

ಟಿವಿಯಲ್ಲಿ ಜಾಹೀರಾತು.

"ಏನ್ ಕಷ್ಟ ಐತೇ ನಿನಗ?" ಅತ್ತೆ ಎದ್ದು ಕೂತಳು. "ಕೂಳಿಗೆ ಕಡಿಮಿ ಆಗೇತೋ, ಸೀರಿಗೆ ಕಡಿಮಿ ಆಗೇತೋ? ಕಾಲು ಸುಟಗೊಂಡಾಕಿ ಗುಂಡವ್ವ. ಅಕಿ ನಕ್ಕೋತ ಅಡ್ಡಾಡತಾಳ. ನೀ ಹಾಸಗಿ ಹಿಡದಿ!"

"ಸುಮ್ಕಿರ ಯವ್ವಾ, ಫೋನಿನಾಗ ಮಾತು ತುಂಬಾಕತ್ತೈತಿ!" ಅಂದ ಸಿದ್ದಾರೂಢ.

"ತುಂಬಲಿ! ನಂದೂ ಒಂದ್ ಮಾತ ತುಂಬಲಿ!"

ಆಗಲೇ ಪಕ್ಕದ ಮನೆಯ ಕುಕ್ಕರ್ ಸೀಟಿ ಹಾಕಿತು. ತಾಟು ಬಿದ್ದ ಸದ್ದು. ಹಿತ್ತಲ ಬಾಗಿಲು ತೆರೆದ ಸದ್ದು. ನಿಮಿಷ ಮುಗಿಯಿತು. ಜಯಮಾಲಾಳ ಒಂದು ಅಕ್ಷರವೂ ಅದರಲ್ಲಿ ಇಲ್ಲ.

ಮರುದಿನದಿಂದ ಸಿದ್ದಾರೂಢ ಫೋನನ್ನು ಮನೆಯೊಳಗೆ ತರುವುದನ್ನೇ ಬಿಟ್ಟ. ಟಂಟಂನಲ್ಲಿ ಇಡುವನು. ಕೆಂಪು ಒಂದಕ್ಕೇ ನಿಂತಿತು. ಹಸಿರು ಮತ್ತೆ ಶುರುವಾಯಿತು.

ಮಂಗಳವಾರ ಸಿಂದಗಿಯ ಬಸ್ಸಿನಲ್ಲಿ ಕೂತು ಪಲ್ಲವಿ ಆ ಒಂದು ನಿಮಿಷವನ್ನು ಕಿವಿಗೆ ಹಚ್ಚಿಕೊಂಡಳು. ಎರಡು ಸಲ ಕೇಳಿದಳಂತೆ. ಆ ಮನೆಯನ್ನು ಆಕೆ ಕಂಡಿರಲಿಲ್ಲ. ಈಗ ಕಂಡಂತಾಯಿತು. ಯಾರು ಎಲ್ಲಿ ಕೂತಿರುತ್ತಾರೆ, ಯಾರು ಯಾರ ಪರ ಉತ್ತರ ಕೊಡುತ್ತಾರೆ, ಸೀಟಿ ಯಾವ ಗೋಡೆಯ ಆಚೆಯಿಂದ ಬರುತ್ತದೆ. ಎದುರಿನ ಕುರ್ಚಿಯಲ್ಲಿ ತಿಂಗಳುಗಟ್ಟಲೆ ಕೂತರೂ ಗೊತ್ತಾಗದ ಸಂಗತಿಯನ್ನು ಆ ಯಂತ್ರ ತಿಳಿಯದೆಯೇ ತುಂಬಿಕೊಂಡು ಬಂದಿತ್ತು. ಅದನ್ನು ಕೇಳಿಸಿಕೊಳ್ಳಲು ಮಾತ್ರ ಮನುಷ್ಯರ ಕಿವಿ ಬೇಕಾಯಿತು. ಮೇಲಿನವರ ಪಟ್ಟಿಗೆ ಅದು ಬರೀ ಒಂದು ಕೆಂಪು ಚುಕ್ಕೆ, ಕೆಳಗೆ "ಮಾತು ಇಲ್ಲ" ಎಂಬ ಷರಾ.

ಪಲ್ಲವಿ ಪಟ್ಟಿಯನ್ನು ಬದಿಗಿಟ್ಟು ತನ್ನ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದಳು: ಗುರುವಾರ, ನಾಲ್ಕು ಗಂಟೆ, ಜಯಮಾಲಾ. ಸಿದ್ದಾರೂಢನಿಗೆ ಫೋನು ಹಚ್ಚಿದಳು. ಅವನು ಕರೆತಂದ. ಈ ಸಲ ಅವನೂ ಒಳಗೆ ಬಂದು ಸ್ಟೂಲಿನ ಮೇಲೆ ಕೂತ.

"ಅಣ್ಣಾರ, ನೀವು ಹೊರಗ ಕುಂದರ್ರಿ."

"ಯಾಕ್ರಿ? ನಾ ಏನ್ ಹೊರಗಿನಾಂವನ್ರಿ? ಅಕಿ ಗಂಡ ಅದೇನಿ. ನಂದೇನ್ ತೊಂದ್ರಿ ಇಲ್ಲ, ನೀವು ಮಾತಾಡ್ರಿ."

ಪಲ್ಲವಿ ಇನ್ನೂ ಎರಡು ಸಲ ಹೇಳಿದಳು. ಅವನು ಕದಲಲಿಲ್ಲ. ಮನೆಯ ಮಾತು ಒಮ್ಮೆ ಬಾಗೇವಾಡಿ ಮುಟ್ಟಿತ್ತಲ್ಲ. ಇನ್ನೊಮ್ಮೆ ತನಗೆ ಗೊತ್ತಿಲ್ಲದೆ ಮುಟ್ಟಬಾರದು ಎಂಬುದು ಅವನ ಎಣಿಕೆ. ಕೊನೆಗೆ ಆಕೆ ಬೋಗಾಣಿ ತಂದಿಟ್ಟಳು.

"ಹ್ಯಾಂಗ ಅದೀರಿ ಅಕ್ಕಾರ?"

"ಆರಾಮ ಅದಾಳ್ರಿ" ಅಂದ ಸಿದ್ದಾರೂಢ.

"ನಾ ಅಕ್ಕಾರ್ನ ಕೇಳಿದ್ನಿ."

ಜಯಮಾಲಾ ಬೋಗಾಣಿಯ ಮೇಲೆ ಕೈ ಇಟ್ಟಳು. ಪಲ್ಲವಿ ಮುಂದಕ್ಕೆ ಸರಿದು ಎರಡನೆಯ ಸಲ ಕೇಳಿದಳು, "ಖರೇನ ಹೇಳ್ರಿ." ಜಯಮಾಲಾ ಗಂಡನ ಕಡೆ ನೋಡಿದಳು. ಅವನು ನಕ್ಕು ತಲೆಯಾಡಿಸಿದ, ಹೇಳು ಹೇಳು ಎಂಬಂತೆ. ಮಾಸ್ತರು ಮಗುವಿಗೆ ಧೈರ್ಯ ಕೊಟ್ಟ ಹಾಗೆ.

"ಆರಾಮ್ರಿ" ಅಂದಳು.

ಉಳಿದ ಅರ್ಧ ತಾಸು ಫ್ಯಾನು ಕಿರುಗುಟ್ಟಿತು.

ಹೊರಗೆ ಬಂದವಳನ್ನು ನಾನು ಅಂಗಡಿಯ ಮುಂದೆ ಮಾತಾಡಿಸಿದೆ. ಸಿದ್ದಾರೂಢ ಸವಾರಿ ಕೂಡಿಸುತ್ತಿದ್ದ. ಇದನ್ನೆಲ್ಲ ಪೇಪರಿಗೆ ಬರೆಯಲೇನವಾ ಎಂದೆ. ಆಕೆ ಟಂಟಂ ಕಡೆ ನೋಡಿದಳು.

"ಬರೀರಿ. ಹೆಸರು ಹಾಕೇ ಬರೀರಿ. ನಾ ಹೇಳಿದ್ರ ನಮ್ಮನಿಯವರಿಗೆ ಕೇಳಸಂಗಿಲ್ಲ. ಪೇಪರ್ ಮಾತ್ರ ದಿನಾ ಓದ್ತಾರ."

ಇಂದು ಗುರುವಾರ. ಪಲ್ಲವಿಯ ನೋಟ್‌ಬುಕ್ಕಿನಲ್ಲಿ ಆಕೆಯ ಮುಂದಿನ ಸರದಿ ಇಂದು ನಾಲ್ಕು ಗಂಟೆಗೆ. ಆ ಮಾತು ಇಂದೂ ಹೊರಗೆ ಬರದಿದ್ದರೆ ಮತ್ತೆ ಹದಿನೈದು ದಿನ, ಮತ್ತೆ ಹದಿನಾಲ್ಕು ಹಸಿರು. ಅಷ್ಟರಲ್ಲಿ ನೋಟ್‌ಬುಕ್ಕಿನ ಹೆಸರನ್ನೂ ಮೇಲಿನವರು ಹೊಡೆಯುತ್ತಾರೆ.

ಸಿದ್ದಾರೂಢಣ್ಣ, ನೀನು ಇದನ್ನು ಸ್ಟ್ಯಾಂಡಿನಲ್ಲಿ ಕೂತು ಓದುತ್ತಿರುತ್ತೀ. ನಿನ್ನ ಹೆಗಲ ಮೇಲಿಂದ ಸೋಮನಿಂಗ ಇಣುಕಿರುತ್ತಾನೆ. ಮತ್ತೆ ಇಂಡಿಯಲ್ಲಿ, ಸಿಂದಗಿಯಲ್ಲಿ, ಮುದ್ದೇಬಿಹಾಳದಲ್ಲಿ ಇದನ್ನು ಓದಿ "ಛೇ, ಎಂಥಾ ಗಂಡ" ಎಂದು ನಾಲಿಗೆ ಲೊಚಗುಟ್ಟುತ್ತಿರುವ ನೀವು, ನಿಮ್ಮ ಜೇಬು ಮುಟ್ಟಿ ನೋಡಿಕೊಳ್ಳಿ. ಮನೆಯ ಫೋನು ಅಲ್ಲೇ ಇದೆ. ತೆಗೆಯಿರಿ. ದನಿ ಇಳಿಸಿರಿ. ಮನೆಯಾಕೆಯ ಕೈಯಲ್ಲಿ ಇಡಿರಿ. ಏನು ಹೇಳಿದೆ, ಏನು ಒತ್ತಿದೆ ಎಂದು ಆಮೇಲೂ ಕೇಳಬೇಡಿರಿ. ಈಗ ಏಳ್ರಿ, ಬಾಗಿಲಾ ಮುಂದ ಮಾಡಿ ಹೊರಗ ಹೋಗ್ರಿ.